ಶಾಸನಸಭೆಯ ಪಂಕ್ತಿಭೇದ

ಊಟವಿಟ್ಟರೆ ಮಾತ್ರ ಸಭೆಯಲ್ಲಿ ನಿಲ್ಲುವೆನೆಂಬುವನನ್ನು ಲೋಕವು ಸಭಾಸದನೆಂದು ಗೌರವಿಸುವುದಿಲ್ಲ. ಆದರೂ ನಮ್ಮ ವಿಧಾನಸಭೆಯ ಅಧ್ಯಕ್ಷರು, ನೇತ್ರಾವತಿಯ ಆಚೆ ದಡದ ಮಂಗಳೂರು ಕ್ಷೇತ್ರದಿಂದಲೇ ಆರಿಸಿಹೋದ ಶ್ರೀ ಯು. ಟಿ. ಖಾದರ್ ಅವರು, ಮಧ್ಯಾಹ್ನದ ಊಟಕ್ಕೆಂದು ಎದ್ದುಹೋದ ಶಾಸಕರು ಸದನಕ್ಕೆ ಮರಳದಿರುವುದನ್ನು ಕಂಡು, 2023ರಲ್ಲಿ ವಿಧಾನಸೌಧದಲ್ಲಿಯೇ ಅವರ ಭೋಜನಕ್ಕೆ ಏರ್ಪಾಡು ಮಾಡಬೇಕಾಯಿತು. 2025ರ ವೇಳೆಗೆ, ಉಂಡವರು ತುಸು ಒರಗಿ ವಿಶ್ರಮಿಸಲೆಂದು ಬಾಡಿಗೆಯ ರಿಕ್ಲೈನರ್ ಕುರ್ಚಿಗಳೂ ಬಂದವು. ಅಧ್ಯಕ್ಷರ ಉದ್ದೇಶವು ಸಾಧುವಾದುದೆಂಬುದರಲ್ಲಿ ಸಂಶಯವಿಲ್ಲ; ಲಜ್ಜೆಪಡಬೇಕಾದವರು, ಅಂತಹ ಉಪಾಯವನ್ನು ಅವಶ್ಯವಾಗಿಸಿದವರು.

ಮಂಗಳೂರಿನ ಕದ್ರಿ ಮಾರುಕಟ್ಟೆಯ ಆಸುಪಾಸಿನ ಯಾವುದಾದರೊಂದು ಸಣ್ಣ ಹೋಟೆಲಿನಲ್ಲಿ ಮಧ್ಯಾಹ್ನ ಕುಳಿತು ನೋಡಿರಿ. ಬೆಳಗಿನಿಂದ ಮೂಟೆ ಇಳಿಸಿದ ಕೂಲಿಯಾಳು ಕುಚ್ಚಲಕ್ಕಿಯ ಅನ್ನಕ್ಕೆ ಬಂಗುಡೆ ಗಸಿ ಕಲಸಿ ಉಂಡು, ಕೈತೊಳೆದು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ನೋಟನ್ನು ತೆಗೆದು ಗಲ್ಲಾದ ಮುಂದಿಟ್ಟು, ಕರೆಯುವವರಿಲ್ಲದೆಯೇ ಕೆಲಸಕ್ಕೆ ಮರಳುತ್ತಾನೆ. ಅವನಿಗಿಂತ ಬಡವನಾದವನೂ ಇಂದಿರಾ ಕ್ಯಾಂಟೀನಿನಲ್ಲಿ ಊಟಕ್ಕೆ 10 ರೂಪಾಯಿ ತೆರುತ್ತಾನೆ. ಕರಾವಳಿಯ ದೇವಾಲಯಗಳಲ್ಲಿನ ಪಂಕ್ತಿಭೇದದ ವಿರುದ್ಧ ನಾಡಿನಲ್ಲಿ ಚಳವಳಿಗಳೇ ನಡೆದಿವೆ. ಸಾರ್ವಜನಿಕ ಬೊಕ್ಕಸದ ಈ ಪಂಕ್ತಿಭೇದವನ್ನು ಪ್ರಶ್ನಿಸುವವರು ಮಾತ್ರ ವಿರಳ.

ಅನ್ನದ ಖರ್ಚು ಅಲ್ಪವೆಂದು ಕೆಲವರು ನಗಬಹುದು. ಹಾಗಾದರೆ ಅಲ್ಪವಲ್ಲದುದನ್ನೇ ನೋಡೋಣ. 2025ರ ಮಾರ್ಚ್ 21ರಂದು, ಕೋಲಾಹಲದ ನಡುವೆ ವಿರೋಧಪಕ್ಷದ 18 ಮಂದಿ ಶಾಸಕರು ಅಮಾನತುಗೊಂಡ ದಿನವೇ, ವೇತನ ಹೆಚ್ಚಳದ ವಿಧೇಯಕಗಳು ಚರ್ಚೆಯಿಲ್ಲದೆ ಅಂಗೀಕಾರ ಪಡೆದವು. ಶಾಸಕರ ಮಾಸಿಕ ವೇತನ 40,000ದಿಂದ 80,000 ರೂಪಾಯಿಗೂ, ಮುಖ್ಯಮಂತ್ರಿಗಳದು 75,000ದಿಂದ 1,50,000 ರೂಪಾಯಿಗೂ ಏರಿತು, ಭತ್ಯೆಗಳು ಬೇರೆ. ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಹೆಂಗಸರು ಗೌರವಧನದಲ್ಲಿ ಸಾವಿರ ರೂಪಾಯಿ ಹೆಚ್ಚಿಸಿರೆಂದು ಫ್ರೀಡಂ ಪಾರ್ಕಿನ ಬಿಸಿಲಿನಲ್ಲಿ ಕೂರಬೇಕಾದ ನಾಡಿನಲ್ಲಿ, ತಮ್ಮ ಸಂಬಳವನ್ನು ತಾವೇ ಇಮ್ಮಡಿಗೊಳಿಸಿಕೊಳ್ಳಲು ಸದನಕ್ಕೆ ಒಂದು ದಿನವೂ ಪೂರ್ತಿಯಾಗಿ ಬೇಕಾಗಲಿಲ್ಲ.

ಪ್ರಜಾಪ್ರತಿನಿಧಿಗೆ ವೇತನವೇ ಸಲ್ಲದೆಂಬುದು ನನ್ನ ವಾದವಲ್ಲ. ಬ್ರಿಟನ್ನಿನಲ್ಲಿ 1911ರವರೆಗೆ ಕಾಮನ್ಸ್ ಸಭೆಯ ಸದಸ್ಯರಿಗೆ ವೇತನವಿರಲಿಲ್ಲವಾದುದರಿಂದ, ಆಸ್ತಿಯಿಲ್ಲದವನು ಅಲ್ಲಿ ಕುಳಿತುಕೊಳ್ಳುವುದೇ ದುಸ್ತರವಾಗಿದ್ದಿತು. ಶಾಂತವೇರಿ ಗೋಪಾಲಗೌಡರಂತಹ ನಿರ್ಧನರು ನಮ್ಮ ಶಾಸನಸಭೆಯಲ್ಲಿ ಸಿಂಹಧ್ವನಿಯಿಂದ ಮಾತನಾಡಲು ಸಾಧ್ಯವಾಗಬೇಕಾದರೆ ವೇತನವು ಬೇಕೇ ಬೇಕು. ಆದರೆ 2023ರಲ್ಲಿ ಗೆದ್ದು ಬಂದವರಲ್ಲಿ ನೂರಕ್ಕೆ 97 ಮಂದಿ ಕೋಟ್ಯಧೀಶರೆಂದು ಅವರವರ ಪ್ರಮಾಣಪತ್ರಗಳೇ ಸಾರುತ್ತಿರುವಾಗ, ದಾರಿದ್ರ್ಯದ ಹೆಸರಿನಲ್ಲಿ ಕೇಳುವ ಈ ಸವಲತ್ತು ಯಾವ ಬಡವನನ್ನು ಸದನಕ್ಕೆ ಕರೆತಂದಿತು?

ಕುಂದಿನ ಮೂಲವಿರುವುದು ಮೊತ್ತದಲ್ಲಿ ಅಲ್ಲ, ವಿಧಾನದಲ್ಲಿ. ಸಂವಿಧಾನದ 195ನೆಯ ಅನುಚ್ಛೇದವು ಸದಸ್ಯರ ವೇತನವನ್ನು ನಿರ್ಧರಿಸುವ ಅಧಿಕಾರವನ್ನು ಶಾಸಕಾಂಗಕ್ಕೇ ಕೊಟ್ಟಿದೆ. ಪಡೆಯುವವನೇ ಕೊಡುವವನಾದಲ್ಲಿ ಸಂಯಮವನ್ನು ಕಾಯುವುದಕ್ಕೆ ಆತ್ಮಸಾಕ್ಷಿಯ ಹೊರತು ಬೇರೆ ಕಾವಲಿಲ್ಲ. ಬ್ರಿಟನ್ನು 2009ರ ಖರ್ಚುವೆಚ್ಚದ ಹಗರಣದ ತರುವಾಯ ಈ ಹೊಣೆಯನ್ನು ಸ್ವತಂತ್ರ ಪ್ರಾಧಿಕಾರಕ್ಕೆ ಒಪ್ಪಿಸಿತು. ಅಮೆರಿಕದಲ್ಲಿ 1992ರಿಂದ, ವೇತನದ ಬದಲಾವಣೆಯು ಮುಂದಿನ ಚುನಾವಣೆ ಕಳೆಯುವವರೆಗೆ ಜಾರಿಗೆ ಬರುವಂತಿಲ್ಲ. ನಮ್ಮ ಸಂಸತ್ತೇ 2021ರಲ್ಲಿ ತನ್ನ ಕ್ಯಾಂಟೀನಿನ ಸಹಾಯಧನವನ್ನು ನಿಲ್ಲಿಸಿತು. ಅದರಿಂದ ಯಾವ ಸದಸ್ಯನೂ ಹಸಿದು ಬಿದ್ದ ವರ್ತಮಾನವಿಲ್ಲ.

ಆದುದರಿಂದ ವೇತನ ನಿರ್ಣಯವು ಸ್ವತಂತ್ರ ಆಯೋಗದ ಕೈಗೆ ಹೋಗತಕ್ಕದ್ದು. ಹೆಚ್ಚಳವು ಮುಂದಿನ ಸದನಕ್ಕೆ ಮಾತ್ರ ಅನ್ವಯಿಸತಕ್ಕದ್ದು. ಊಟದ ಬೆಲೆಯನ್ನು ಉಂಡವರೇ ತೆರತಕ್ಕದ್ದು. ಮತ ಯಾಚಿಸಿ ಅಂಗಳಕ್ಕೆ ಬರುವ ಅಭ್ಯರ್ಥಿಗಳನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಈ ಮೂರಕ್ಕೂ ಲಿಖಿತವಾಗಿ ಒಪ್ಪುವಿರಾ ಎಂದು ಕದ್ರಿಯ ಮತದಾರರು ಕೇಳಲಿ. ಒಪ್ಪದವರಿಗೆ ಮತ ಕೊಡದಿರಲಿ.