ಗಣಿತದ ಗೈಡು: ಅಪ್ಪನಿಗೆ ಗೊತ್ತಿಲ್ಲ, ಅಂಗಡಿಯವರಿಗೆ ಬೇಕಿಲ್ಲ

ಪಿಯು ಕಾಲೇಜುಗಳ ಬಾಗಿಲು ತೆರೆದರೆ ಸಾಕು, ಜಾಲಹಳ್ಳಿ ಕ್ರಾಸಿನಿಂದ ಎಂಟನೇ ಮೈಲಿಯವರೆಗೆ ಪುಸ್ತಕದ ಅಂಗಡಿಗಳ ಮುಂದೆ ಒಂದೇ ನೋಟ. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ, ಕೈಯಲ್ಲಿ ಟಿಫನ್ ಡಬ್ಬಿ, ಅಂಗಿಗೆ ಮೆಷಿನ್ ಎಣ್ಣೆಯ ವಾಸನೆ. ಪಕ್ಕದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುವ ಮಗಳು.

“ಮ್ಯಾಥ್ಸ್ ಗೈಡ್ ಕೊಡಿ ಸಾರ್. ಒಳ್ಳೇದು ಕೊಡಿ.”

“ಇದನ್ನ ತಗೊಳ್ಳಿ ಅಣ್ಣ, ಎಲ್ಲಾರೂ ಇದನ್ನೇ ತಗೊಂಡೋಗ್ತಾರೆ.”

ಇಷ್ಟೇ ಮಾತು. ವ್ಯಾಪಾರ ಮುಗಿಯಿತು. ಮಗಳು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ದುಡ್ಡು ಗಲ್ಲಾಪೆಟ್ಟಿಗೆ ಸೇರಿರುತ್ತದೆ. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ತಪ್ಪನ್ನು ಕಂಡುಹಿಡಿಯುವ ಮನುಷ್ಯ ಆತ. ಕೆಟ್ಟ ಪೀಸನ್ನು ಕಣ್ಣಳತೆಯಲ್ಲೇ ಪಕ್ಕಕ್ಕೆ ಎಸೆಯಬಲ್ಲ. ಆದರೆ ಮಗಳ ಗಣಿತದ ಗೈಡನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಅಂಗಡಿಯವರ ಮಾತೇ ಲೆಕ್ಚರರ ಮಾತು.

ಇದರಲ್ಲಿ ಹೋಗುವುದು ಗೈಡಿನ ಮುನ್ನೂರೋ ನಾನ್ನೂರೋ ರೂಪಾಯಿ ಮಾತ್ರವಲ್ಲ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ಕೊಡುವಾಗ ಅರ್ಧ ತೂಕ ಸಿಇಟಿ ಅಂಕಕ್ಕೆ, ಇನ್ನರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ. ಎರಡರಲ್ಲೂ ಗಣಿತ ಉಂಟು. ಗಣಿತದ ಹದಿಮೂರು ಅಧ್ಯಾಯಗಳಲ್ಲಿ ಐದು ಬರೀ ಕ್ಯಾಲ್ಕುಲಸ್. ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎಂದರೆ ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ನಿದ್ದೆಯಲ್ಲೂ ಬೆವರು. ಈ ಐದು ಅಧ್ಯಾಯ ಕೈಕೊಟ್ಟರೆ ಸರ್ಕಾರಿ ಕೋಟಾದ ಸೀಟು ಹೋಗಿ ಮ್ಯಾನೇಜ್‌ಮೆಂಟ್ ಸೀಟಿನ ಬಾಗಿಲು ತಟ್ಟಬೇಕು. ಪಾಳಿ ಕೆಲಸದ ಅಪ್ಪ ಎಲ್ಲಿಂದ ತರಬೇಕು?

ಕಿತ್ತು ಹಾಕಿದ ಪಾಠ, ಮಾರಾಟದ ಗೈಡು

ಸೆಕೆಂಡ್ ಪಿಯುಸಿ ಗಣಿತಕ್ಕೆ ರಾಜ್ಯದಲ್ಲಿ ಎನ್‌ಸಿಇಆರ್‌ಟಿ ಪುಸ್ತಕವೇ ಪಠ್ಯ. ಕೋವಿಡ್ ನಂತರ ಆ ಪುಸ್ತಕವನ್ನು ಕತ್ತರಿಸಿ ಇಳಿಸಲಾಯಿತು. 2023–24ರಿಂದ ಇಲ್ಲಿನ ಪಿಯು ಕಾಲೇಜುಗಳಲ್ಲೂ ಇಳಿಸಿದ ಪಠ್ಯವೇ ಜಾರಿಗೆ ಬಂತು. ಏನೇನು ಹೋಯಿತು? ಕ್ಯಾಲ್ಕುಲಸ್‌ನಲ್ಲಿ ಟ್ಯಾಂಜೆಂಟ್ ಮತ್ತು ನಾರ್ಮಲ್ ಹೋಯಿತು, ಅಪ್ರಾಕ್ಸಿಮೇಷನ್ ಹೋಯಿತು, ರೋಲ್ಸ್ ಥಿಯರಂ ಹೋಯಿತು, ಮೊತ್ತದ ಲಿಮಿಟ್ ಆಗಿ ಇಂಟಿಗ್ರೇಷನ್ ಮಾಡುವುದು ಹೋಯಿತು, ಎರಡು ವಕ್ರರೇಖೆಗಳ ನಡುವಿನ ವಿಸ್ತೀರ್ಣ ಹೋಯಿತು. ಕ್ಯಾಲ್ಕುಲಸ್ ಆಚೆಗೆ ತ್ರೀಡಿ ಜಾಮೆಟ್ರಿಯಲ್ಲಿ ಪ್ಲೇನ್, ಪ್ರಾಬಬಿಲಿಟಿಯಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಕೂಡ ಹೋದವು.

ಅದೇ ವರ್ಷ ಪ್ರಶ್ನೆಪತ್ರಿಕೆಯ ರೂಪವೂ ಬದಲಾಯಿತು. ಮೊದಲು ಗಣಿತಕ್ಕೆ ಇಡೀ 100 ಅಂಕ ಬರವಣಿಗೆ. 2024ರ ಪರೀಕ್ಷೆಯಿಂದ ಬರವಣಿಗೆಗೆ 80, ಕಾಲೇಜಿನ ಆಂತರಿಕ ಅಂಕ 20. ಹಳೇ ಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆ ಹತ್ತೇ ಇದ್ದವು. ಈಗ ಇಪ್ಪತ್ತು: ಹದಿನೈದು ಸರಿ ಉತ್ತರ ಆರಿಸುವುದು, ಐದು ಬಿಟ್ಟ ಸ್ಥಳ ತುಂಬುವುದು.

ಇಷ್ಟೆಲ್ಲ ಆದರೂ ಹಳೇ ಗೈಡು ಅಂಗಡಿಯ ಶೆಲ್ಫ್ ಬಿಟ್ಟು ಇಳಿದಿದೆಯೇ? ಉಳಿದ ಸ್ಟಾಕು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ಸಹಜ. ಬಂಡವಾಳ ಹಾಕಿದವರ ಸಂಕಟ ಹಾಕಿದವರಿಗೇ ಗೊತ್ತು. ಅಂಗಡಿ ಬಾಡಿಗೆ, ಕರೆಂಟು ಬಿಲ್ಲು, ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆಂದು ಮೊಬೈಲ್ ತೋರಿಸುವ ಗಿರಾಕಿ. ಇವೆಲ್ಲ ಇದ್ದದ್ದೇ. ಆದರೆ ಹೋದ ವರ್ಷದ ಕ್ಯಾಲೆಂಡರನ್ನು ಈ ವರ್ಷದ್ದೆಂದು ಯಾರಾದರೂ ಮಾರುತ್ತಾರೆಯೇ? ಮಾರಿದರೆ ಗಿರಾಕಿ ಜನವರಿ ಎರಡಕ್ಕೇ ಬಂದು ಜಗಳ ತೆಗೆಯುತ್ತಾನೆ. ಗೈಡು ಕೊಂಡವನು ಜಗಳ ತೆಗೆಯುವುದಿಲ್ಲ. ಏಕೆಂದರೆ ತಾನು ಮೋಸ ಹೋದದ್ದು ಅವನಿಗೆ ತಿಳಿಯುವುದೇ ಇಲ್ಲ. ಮಗಳು ಅಕ್ಟೋಬರ್‌ನಲ್ಲಿ ಎರಡು ವಾರ ಕೂತು ಟ್ಯಾಂಜೆಂಟ್, ನಾರ್ಮಲ್ ಲೆಕ್ಕ ಹಾಕುತ್ತಾಳೆ. ಪರೀಕ್ಷೆಯಲ್ಲಿ ಅದು ಬರುವುದಿಲ್ಲ. ಮನೆಯಲ್ಲಿ ಬೈಸಿಕೊಳ್ಳುವವಳು ಅವಳೇ.

ಇದಕ್ಕೆ ಒಂದು ಸಿದ್ಧ ಉತ್ತರವೂ ಉಂಟು. “ಬಿಟ್ಟ ಪಾಠಾನೂ ಸಿಇಟಿಲಿ ಕೇಳ್ತಾರೆ ಸಾರ್, ಹಳೇದೇ ಇರ್ಲಿ” ಅನ್ನುವುದು. 2024ರ ಏಪ್ರಿಲ್ 18, 19ರ ಸಿಇಟಿಯಲ್ಲಿ ಹಾಗೆ ಕೇಳಿದ್ದೂ ನಿಜವೇ. ರಾಜ್ಯವೆಲ್ಲ ಗದ್ದಲವಾಯಿತು. ಕೊನೆಗೆ ತಜ್ಞರ ಸಮಿತಿ ಕೂತು, ಪಠ್ಯದಾಚೆಯ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಅಂದರೆ ಹಳೇ ಪಾಠ ಓದಿ ಆ ಪ್ರಶ್ನೆಗೆ ಸರಿ ಉತ್ತರ ಬರೆದವರಿಗೂ ಅಂಕ ಸಿಗಲಿಲ್ಲ. ಅಷ್ಟಾದ ಮೇಲೂ ಆ ಮಾತನ್ನೇ ಹೇಳಿ ಗೈಡು ಮಾರುವುದು ವ್ಯಾಪಾರವಲ್ಲ.

ಬಿಟ್ಟಿ ಬಸ್ಸು, ಹಳೇ ಪುಸ್ತಕ

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರು ಇನ್ನೊಂದು ದಾರಿ ಹಿಡಿದಿದ್ದಾರೆ. ಬಿಎಂಟಿಸಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಗಾರ್ಮೆಂಟ್ಸ್‌ಗೆ ರಜೆ ಇದ್ದ ದಿನ ಮಾರ್ಕೆಟ್ ಬಸ್ ಹತ್ತಿ ಅವೆನ್ಯೂ ರಸ್ತೆಗೆ ಹೋದರೆ ಸೆಕೆಂಡ್ ಹ್ಯಾಂಡ್ ಗೈಡು ಅರ್ಧ ರೇಟಿಗೆ. ಚೌಕಾಶಿ ಮಾಡಿದರೆ ಇನ್ನೂ ಕಡಿಮೆ. ಅವೆನ್ಯೂ ರಸ್ತೆಯಿಂದ ತಲೆಮಾರುಗಳ ಬಡ ಮಕ್ಕಳು ಓದಿ ಮೇಲೆ ಬಂದಿದ್ದಾರೆ. ಆ ಬೀದಿಯನ್ನು ಬೈದರೆ ನಾಲಗೆಗೆ ಹುಳ ಬಿದ್ದೀತು. ಆದರೆ ಹಳೇ ಕಾದಂಬರಿ ಬೇರೆ, ಹಳೇ ಗೈಡು ಬೇರೆ. ಅಲ್ಲಿಗೆ ಹೋಗುವ ತಾಯಂದಿರು ಗೈಡಿನ ಕೊನೆಯ ಪುಟಗಳಲ್ಲಿರುವ ಮಾದರಿ ಪ್ರಶ್ನೆಪತ್ರಿಕೆಯನ್ನು ತೆರೆದು ನೋಡಲಿ. ತಲೆಬರಹದಲ್ಲಿ ಒಟ್ಟು ಅಂಕ 100 ಎಂದಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟು ಬರಲಿ. 80 ಎಂದಿದ್ದರೆ ಮುಂದಿನ ಮಾತು. ಇಷ್ಟಕ್ಕೆ ಇಂಗ್ಲಿಷೂ ಬೇಡ, ಗಣಿತವೂ ಬೇಡ.

ಕಾಣದ ಒಂದು, ಕೊನೆಯ ಸಿ

ವರ್ಷ ಸರಿಯಿದೆ ಅಂದ ಮಾತ್ರಕ್ಕೆ ಗೈಡು ಒಳ್ಳೆಯದಾಯಿತೇ? ಇಲ್ಲ. ಗೈಡು ಕೊಳ್ಳುವುದು ಉತ್ತರಕ್ಕಲ್ಲ. ಉತ್ತರ ಪಠ್ಯಪುಸ್ತಕದ ಹಿಂದೆಯೇ ಅಚ್ಚಾಗಿದೆ. ಕೊಳ್ಳುವುದು ನಡುವಿನ ಮೆಟ್ಟಿಲಿಗೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಅಂಕ ಬೀಳುವುದೂ ಮೆಟ್ಟಿಲಿಗೊಂದರಂತೆ. ಕೊನೆಯ ಉತ್ತರ ತಪ್ಪಿದರೂ ನಾಲ್ಕು ಮೆಟ್ಟಿಲು ಸರಿಯಿದ್ದರೆ ಮೂರ್ನಾಲ್ಕು ಅಂಕ ದಕ್ಕುತ್ತದೆ. ಮೆಟ್ಟಿಲು ಹಾರುವ ಗೈಡನ್ನು ಬಾಯಿಪಾಠ ಮಾಡಿದ ಹುಡುಗ ಪರೀಕ್ಷೆಯಲ್ಲೂ ಹಾರುತ್ತಾನೆ, ಬೀಳುತ್ತಾನೆ.

ಪರೀಕ್ಷಿಸುವುದು ಹೇಗೆ? ಅಂಗಡಿಯಲ್ಲೇ ಇಂಟಿಗ್ರೇಷನ್ ಅಧ್ಯಾಯ ತೆರೆದು, ಬರೀ ‘ಲಾಗ್ ಎಕ್ಸ್’ನ ಇಂಟಿಗ್ರೇಷನ್ ಎಲ್ಲಿದೆ ಎಂದು ಮಗನಿಗೋ ಮಗಳಿಗೋ ಹುಡುಕಲು ಹೇಳಬೇಕು. ಪಠ್ಯಪುಸ್ತಕದಲ್ಲೂ ಇರುವ ಹಳೇ ಲೆಕ್ಕ ಅದು. ಅಲ್ಲಿ ಒಂದು ಸಣ್ಣ ಉಪಾಯವಿದೆ. ಲಾಗ್ ಎಕ್ಸ್ ಒಂಟಿಯಾಗಿ ನಿಂತಿದೆ. ‘ಬೈ ಪಾರ್ಟ್ಸ್’ ವಿಧಾನಕ್ಕೆ ಎರಡು ಬೇಕು. ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಇದೆ ಎಂದುಕೊಂಡು, ಅದನ್ನು ಎರಡನೆಯದಾಗಿ ಹಿಡಿಯಬೇಕು. ಆಗ ಎಕ್ಸ್ ಗುಣಿಸು ಲಾಗ್ ಎಕ್ಸ್, ಅದರಲ್ಲಿ ಎಕ್ಸ್ ಕಳೆ, ಕೊನೆಗೆ ಪ್ಲಸ್ ಸಿ ಎಂದು ಉತ್ತರ ಬರುತ್ತದೆ. ಆ ಕಾಣದ ಒಂದನ್ನು ಗೈಡು ಬಾಯಿಬಿಟ್ಟು ಹೇಳಿದೆಯೇ? ಅಥವಾ ಎರಡೇ ಸಾಲಿನಲ್ಲಿ ಉತ್ತರ ಬರೆದು ಕೈ ತೊಳೆದುಕೊಂಡಿದೆಯೇ? ಇಷ್ಟು ನೋಡಿದರೆ ಬರೆದವರು ಪಾಠ ಮಾಡಿದವರೋ ಬರೀ ನಕಲು ಮಾಡಿದವರೋ ಗೊತ್ತಾಗುತ್ತದೆ.

ಏನೂ ಓದದ ಅಪ್ಪನಿಗೂ ಒಂದು ದಾರಿ ಇದೆ. ಮೇಲೆ ಕೆಳಗೆ ಸಂಖ್ಯೆ ಬರೆಯದ ಇಂಟಿಗ್ರೇಷನ್ ಚಿಹ್ನೆಯ ಲೆಕ್ಕಗಳಿಗೆಲ್ಲ ಉತ್ತರದ ತುದಿಯಲ್ಲಿ ಪ್ಲಸ್ ಸಿ ಇರಲೇಬೇಕು. ನಾಲ್ಕು ಪುಟ ತಿರುವಿ ಹಾಕಿ ಅದಿದೆಯೇ ಎಂದು ನೋಡುವುದು ಪೀಸಿಗೆ ಬರ್ ಉಳಿದಿದೆಯೇ ಎಂದು ನೋಡಿದಷ್ಟೇ ಸುಲಭ. ಹಲವು ಕಡೆ ಸಿ ಬಿಟ್ಟುಹೋಗಿದ್ದರೆ ಆ ಗೈಡಿನ ಪ್ರೂಫ್ ಯಾರೂ ನೋಡಿಲ್ಲ. ಬೇರೆ ತಪ್ಪು ಎಷ್ಟಿವೆಯೋ ದೇವರೇ ಬಲ್ಲ.

ಇನ್ನು ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ‘ಬೋರ್ಡ್ ಮತ್ತು ಸಿಇಟಿ ಎರಡಕ್ಕೂ’ ಎಂದು ಹಾಕಿಕೊಂಡ ಗೈಡುಗಳು. ಸಿಇಟಿಯಲ್ಲಿ ಗಣಿತದ 60 ಪ್ರಶ್ನೆಗೆ 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪಿಗೆ ಅಂಕ ಕಡಿತವಿಲ್ಲ. ಅಲ್ಲಿ ಬೇಕಾದದ್ದು ಕೈ ಓಟ. ಬೋರ್ಡ್ ಪರೀಕ್ಷೆಯಲ್ಲಿ ಬೇಕಾದದ್ದು ಸಾವಧಾನವಾದ ಬರವಣಿಗೆ. ಒಂದು ಪುಸ್ತಕ ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ. ಬೋರ್ಡಿಗೆ ಒಂದು ಗೈಡು, ಸಿಇಟಿಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟು, ಅಷ್ಟು ಸಾಕು. ಅದು ಬಿಟ್ಟು ಪಕ್ಕದ ಮನೆಯವರ ಮಾತು ಕೇಳಿ ಆರ್.ಡಿ. ಶರ್ಮಾ ಅವರ ಎರಡು ಸಂಪುಟ ತಂದು ದೇವರ ಕೋಣೆಯ ಪಕ್ಕ ಇಟ್ಟವರೂ ಇದ್ದಾರೆ. ಒಳ್ಳೆಯ ಪುಸ್ತಕವೇ, ಅನುಮಾನವಿಲ್ಲ. ಆದರೆ ಸಿಬಿಎಸ್‌ಇ ಮಕ್ಕಳನ್ನು ಮುಂದಿಟ್ಟುಕೊಂಡು ಬರೆದದ್ದು. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಮಕ್ಕಳಿಗೆ ಕೋಚಿಂಗ್ ಇದೆ, ಇಂಗ್ಲಿಷ್ ಓದಿ ಹೇಳುವ ಅಪ್ಪ ಅಮ್ಮ ಇದ್ದಾರೆ, ಅವರು ಅದನ್ನು ಮುಗಿಸಿಯಾರು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಬೆನ್ನಿಗೇ ಇರುವ ಹೆಬ್ಬಗೋಡಿ, ಬೊಮ್ಮಸಂದ್ರದ ಕಾರ್ಮಿಕರ ಮಕ್ಕಳ ಪಾಡು ಮಾತ್ರ ಪೀಣ್ಯದ ಮಕ್ಕಳ ಪಾಡೇ.

‘ಪಾಸಿಂಗ್ ಪ್ಯಾಕೇಜ್’ ಅನ್ನುವ ತೆಳು ಪುಸ್ತಕದ ಮಾತು ಬೇರೆ. ಪರೀಕ್ಷೆ ತಲೆಯ ಮೇಲೆ ಬಂದಾಗ ಫೇಲಾಗುವ ಭಯದಲ್ಲಿರುವ ಮಕ್ಕಳಿಗಾಗಿ ಲೆಕ್ಚರರೇ ಆರಿಸಿ ಕೊಡುವ ಪ್ರಶ್ನೆಗಳ ಕಟ್ಟು ಅದು. ಫೆಬ್ರವರಿಯಲ್ಲಿ ಕೊಟ್ಟರೆ ಉಪಕಾರ. ಜೂನ್‌ನಲ್ಲೇ ಕೈಗೆ ಕೊಡುವುದೆಂದರೆ ನೀನು ಪಾಸಾದರೆ ಹೆಚ್ಚು ಎಂದು ಮೊದಲ ದಿನವೇ ಮಗುವಿಗೆ ಹೇಳಿದಂತೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದಾಗ ಇದರ ಸೀಸನ್ನು ಮೂರು ಪಾಲು ಉದ್ದವಾಯಿತು ಅಷ್ಟೇ.

ಬಿಟ್ಟಿ ಸಿಗುವುದನ್ನು ಹೇಳುವವರಿಲ್ಲ

ಎಲ್ಲಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಎನ್‌ಸಿಇಆರ್‌ಟಿಯ ಹೊಸ ಪಠ್ಯಪುಸ್ತಕ ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ. ಪರೀಕ್ಷಾ ಮಂಡಳಿ ಹಾಕುವ ಮಾದರಿ ಪ್ರಶ್ನೆಪತ್ರಿಕೆಗಳೂ ಪುಕ್ಕಟೆ. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರೆ ಪುಟಕ್ಕೆ ಕೆಲವೇ ರೂಪಾಯಿ. ಇದನ್ನು ಹೇಳಬೇಕಾದ ಕಾಲೇಜುಗಳು ಏನು ಮಾಡುತ್ತಿವೆ? ನೋಟಿಸ್ ಬೋರ್ಡಿನಲ್ಲಿ ಫೀಸಿನ ಕೊನೆಯ ದಿನಾಂಕ ಅಂಟಿಸಲು ಜಾಗವಿದೆ. ಕೈಬಿಟ್ಟ ಪಾಠಗಳ ಪಟ್ಟಿ ಅಂಟಿಸಲು ಜಾಗವಿಲ್ಲ. ಪಿಯು ಇಲಾಖೆ ಸುತ್ತೋಲೆ ಹೊರಡಿಸುತ್ತದೆ, ಅದು ಪ್ರಿನ್ಸಿಪಾಲರ ಫೈಲಿನಲ್ಲಿ ಮಲಗುತ್ತದೆ. ಪಾಳಿ ಮುಗಿಸಿ ಬರುವ ಅಪ್ಪನ ಕಣ್ಣಿಗೆ ಬೀಳುವುದು ಅಂಗಡಿಯ ಶೆಲ್ಫು ಮಾತ್ರ.

ಆದ್ದರಿಂದ ಅಂಗಡಿಯವರಿಗೇ ಒಂದು ಮಾತು. ಹಳೇ ಗೈಡನ್ನು ಕಂಪನಿ ವಾಪಸ್ ತಗೊಳ್ಳದಿದ್ದರೆ ಪ್ರತ್ಯೇಕ ಇಟ್ಟು, ‘ಹಳೇ ಸಿಲಬಸ್’ ಎಂದು ಚೀಟಿ ಅಂಟಿಸಿ, ಕಾಲು ರೇಟಿಗೆ ಮಾರಿ. ಮೊದಲ ಅಧ್ಯಾಯಗಳ ಲೆಕ್ಕ ಈಗಲೂ ಬಹುಪಾಲು ಉಪಯೋಗಕ್ಕೆ ಬರುತ್ತವೆ, ಕೊಳ್ಳುವವರು ತಿಳಿದೇ ಕೊಳ್ಳುತ್ತಾರೆ. ಕೈಬಿಟ್ಟ ಪಾಠಗಳ ಪಟ್ಟಿ ಒಂದೇ ಹಾಳೆಯದು. ಹತ್ತಿರದ ಕಾಲೇಜಿನ ಗಣಿತ ಲೆಕ್ಚರರನ್ನು ಕೇಳಿದರೆ ಟೀ ಕುಡಿಯುವಷ್ಟರಲ್ಲಿ ಬರೆದುಕೊಡುತ್ತಾರೆ. ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕ, ‘ಇಂದು ನಗದು ನಾಳೆ ಉದ್ದರಿ’ ಬೋರ್ಡಿನ ಕೆಳಗೆ ಅಂಟಿಸಲಿ. ಗಿರಾಕಿ ಓದದಿದ್ದರೂ ಅವನ ಪಕ್ಕ ನಿಂತ ಮಗಳು ಓದುತ್ತಾಳೆ.