ವಿಜಯಪುರದಿಂದ ಡೋಣಿಯವರೆಗೆ

ಚಳಿಗಾಲವು ಮೊದಲಾಯಿತೆಂದರೆ ವಿಜಯಪುರಕ್ಕೆ ಬರುವ ಪ್ರವಾಸಿಕರ ಸಂಖ್ಯೆಯು ಹೆಚ್ಚುವದು. ಅವರಲ್ಲಿ ಬಹುಜನರು ಮುಂಜಾನೆ ಬಂದು, ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿ ಪ್ರತಿಧ್ವನಿಯನ್ನು ಕೇಳಿ, ಇಬ್ರಾಹಿಂ ರೋಜಾದ ಮುಂದೆ ಚಿತ್ರ ತೆಗೆಸಿಕೊಂಡು, ಸಂಜೆಯೊಳಗಾಗಿ ತಿರುಗಿ ಹೋಗುವರು. ಇಷ್ಟನ್ನು ನೋಡಿದುದೂ ವ್ಯರ್ಥವಲ್ಲ. ಆದರೆ ಇಂಥ ಅವಸರದ ಪ್ರವಾಸದಲ್ಲಿ ಒಂದು ಪ್ರಶ್ನೆಯು ಮನಸ್ಸಿನಲ್ಲಿ ಹುಟ್ಟುವದೇ ಇಲ್ಲ: ಮಳೆ ಕಡಿಮೆಯಾದ, ಮಗ್ಗುಲಲ್ಲಿ ದೊಡ್ಡ ಹೊಳೆಯಿಲ್ಲದ ಈ ಬಯಲುಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿಯು ಏನನ್ನು ಕುಡಿದು, ಏನನ್ನು ಉಂಡು ಬದುಕಿತು? ಇದರ ಉತ್ತರವು ಮೋಟಾರಿನ ಕಿಟಕಿಯಿಂದ ಕಾಣುವಂಥದಲ್ಲ. ಕಾಲುನಡಿಗೆಯಿಂದ ಸ್ವಲ್ಪ, ಸೈಕಲ್ಲಿನ ಮೇಲೆ ಸ್ವಲ್ಪ ಸಂಚರಿಸಿದವರಿಗೆ ಅದು ತಾನಾಗಿಯೇ ತಿಳಿದುಬರುವದು. ಈ ತಿಂಗಳು ವಾಚಕರನ್ನು ಆ ಹಾದಿಯಲ್ಲಿ ಕರೆದುಕೊಂಡು ಹೋಗಬೇಕೆಂದಿದ್ದೇವೆ.

ಫ್ರಾನ್ಸ್ ದೇಶದ ಬ್ರಿಟನಿ ಎಂಬ ಕರಾವಳಿ ಪ್ರಾಂತದಲ್ಲಿ ಸಮುದ್ರದ ದಂಡೆಯನ್ನು ಹಿಡಿದು ಸುಮಾರು ೨,೦೦೦ ಕಿಲೋಮೀಟರು ಉದ್ದದ ಕಾಲುಹಾದಿಯೊಂದುಂಟು. ೧೭೯೧ರಿಂದೀಚೆಗೆ ಸುಂಕದ ಕಾವಲುಗಾರರು ಕಳ್ಳಸರಕನ್ನು ತಡೆಯುವದಕ್ಕಾಗಿ ತಿರುಗುತ್ತಿದ್ದ ಹಾದಿಯದು. ಇಂದು ಅದೇ ಹಾದಿಯನ್ನು ಹಿಡಿದು ಜನರು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತ, ತಮ್ಮ ನಾಡಿನ ಚರಿತ್ರೆಯನ್ನು ಕಣ್ಣಾರೆ ಕಂಡು ಬರುವರು. ವಿಜಯಪುರಕ್ಕೆ ಸಮುದ್ರವಿಲ್ಲ, ಆದರೆ ಹಿಂಬಾಲಿಸಲಿಕ್ಕೆ ಯೋಗ್ಯವಾದ ಹಳೆಯ ಹಾದಿಯೊಂದು ಇಲ್ಲಿಯೂ ಇದೆ. ಅದು ನೀರಿನ ಹಾದಿ.

ಮೊದಲನೆಯ ದಿನವನ್ನು ನಗರದೊಳಗಿನ ನಡಿಗೆಗಾಗಿಯೇ ಇಡಬೇಕು. ಗೋಳಗುಮ್ಮಟಕ್ಕೆ ಮುಂಜಾನೆ ಬಾಗಿಲು ತೆರೆದೊಡನೆ ಹೋಗುವದು ಒಳ್ಳೆಯದು. ಗದ್ದಲವಿಲ್ಲದ ಹೊತ್ತಿನಲ್ಲಿ ಪಿಸುಮಾತು ಕೂಡ ಗುಮ್ಮಟದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಪಷ್ಟವಾಗಿ ಮುಟ್ಟುವದು. ೧೬೨೭ರಿಂದ ೧೬೫೬ರ ವರೆಗೆ ಆಳಿದ ಮಹಮ್ಮದ ಆದಿಲಶಹನ ಸಮಾಧಿಯಿದು. ಹೊರಗಿನಿಂದ ಅಳೆದರೆ ಸುಮಾರು ೧೪೪ ಅಡಿ ಅಡ್ಡಳತೆಯ ಗುಮ್ಮಟಕ್ಕೆ ನಡುವೆ ಒಂದು ಕಂಬದ ಆಸರೆಯೂ ಇಲ್ಲ. ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳೇ ಚೌಕ ಗೋಡೆಗಳ ಮೇಲೆ ಆ ದುಂಡು ಭಾರವನ್ನು ಹೊತ್ತಿರುವವು. ಮೇಲಿನ ಸುತ್ತುಹಾದಿಯಿಂದ ಹೊರಗೆ ಬಂದು ಪಶ್ಚಿಮಕ್ಕೆ ನೋಡಿದರೆ, ನಾವು ನಡೆಯಬೇಕಾದ ಹಾದಿಯೆಲ್ಲವೂ ಕಣ್ಣಮುಂದೆ ಹರಡಿರುವದು.

ಅಲ್ಲಿಂದ ಜಾಮಿಯಾ ಮಸೀದಿ, ೧೫೬೧ರ ಗಗನಮಹಲು, ಎರಡನೆಯ ಅಲಿ ಆದಿಲಶಹನ ಪೂರ್ಣವಾಗದೆ ನಿಂತ ಸಮಾಧಿಯಾದ ಬಾರಾಕಮಾನು, ಉಪ್ಪಲಿ ಬುರುಜು, ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪು, ಇವುಗಳನ್ನು ನೋಡುತ್ತ ಪಡುವಣ ಕೋಟೆಗೋಡೆಯನ್ನು ಮುಟ್ಟಬಹುದು. ದಾರಿಯಲ್ಲಿ ಅಲ್ಲಲ್ಲಿ ಯಾವ ಚಂದವೂ ಇಲ್ಲದ, ಎತ್ತರವಾದ ಚೌಕ ಗೋಪುರಗಳು ಕಾಣಿಸುವವು. ಪ್ರವಾಸಿಕರು ಇವುಗಳ ಕಡೆಗೆ ತಿರುಗಿ ಕೂಡ ನೋಡುವದಿಲ್ಲ. ಇವಕ್ಕೆ ಗಂಜ್ ಎಂದು ಹೆಸರು. ದೂರದಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿದ್ದ ನೀರು ಈ ಗೋಪುರಗಳನ್ನೇರಿ ಇಳಿಯುತ್ತಿದ್ದಿತು. ಅದರಿಂದ ನೀರಿನ ಒತ್ತಡವು ಕಡಿಮೆಯಾಗಿ ಕೊಳವೆಗಳು ಒಡೆಯದೆ ಉಳಿಯುತ್ತಿದ್ದವು, ನೀರಿನಲ್ಲಿಯ ಹೂಳು ತಳಕ್ಕೆ ಕೂಡ್ರುತ್ತಿದ್ದಿತು. ಮಕ್ಕಾ ದರವಾಜೆಯ ಬಳಿಯಲ್ಲಿ ೧೬೨೦ರ ತಾಜ ಬಾವಡಿಯಿದೆ. ಹಿರಿದಾದ ಕಮಾನಿನ ಕೆಳಗಿನಿಂದ ಮೆಟ್ಟಿಲುಗಳನ್ನಿಳಿದು ನಿಂತರೆ, ಅರಮನೆಗೆ ಸಲ್ಲಬೇಕಾದ ಗಾಂಭೀರ್ಯವನ್ನು ಆ ಕಾಲದವರು ಬಾವಿಗೆ ಕೊಟ್ಟಿದ್ದರೆಂಬುದು ತಿಳಿಯುವದು. ಗೋಡೆಯಾಚೆಗೆ, ೧೬೨೭ರಲ್ಲಿ ಮುಗಿದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಕುಸುರಿಯನ್ನು ನೋಡುತ್ತ ಆ ದಿನದ ನಡಿಗೆಯನ್ನು ಮುಗಿಸಬಹುದು.

ಎರಡನೆಯ ದಿನ ಸೈಕಲ್ಲು ಬೇಕು. ನಗರದ ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರಿನ ಮೇಲೆ ತೊರವಿಯಿದೆ. ಗಂಜ್‌ಗಳಿಗೆ ನೀರು ಬರುತ್ತಿದ್ದ ಮೂಲಗಳಲ್ಲಿ ಇದು ಮುಖ್ಯವಾದುದು. ಇಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೆ ಕೊರೆದ ಕಾಲುವೆಯು ನಗರದ ಕಡೆಗೆ ಸಾಗಿದೆ. ಜಗತ್ತಿನ ಸ್ಮಾರಕಗಳನ್ನು ಕಾಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆಯು ದಖ್ಖನ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳನ್ನು ೨೦೨೦ರ ತನ್ನ ಯಾದಿಯಲ್ಲಿ ಸೇರಿಸಿದಾಗ, ಅದರಲ್ಲಿ ಈ ಬಾವಡಿಗೂ ಸ್ಥಾನ ದೊರೆಯಿತು. ಇದೇ ತೊರವಿಯ ನರಸಿಂಹನನ್ನು ಆರಾಧಿಸಿ ಕುಮಾರವಾಲ್ಮೀಕಿಯು ಕನ್ನಡದಲ್ಲಿ ರಾಮಾಯಣವನ್ನು ರಚಿಸಿದನು. ಆ ಕಾವ್ಯಕ್ಕೆ ಊರಿನ ಹೆಸರೇ ನಿಂತಿತು. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲಶಹನು ೧೫೯೯ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದುದೂ ಇಲ್ಲಿಯೇ. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಮಾಡಿತು. ಸಂಗೀತಮಹಲಿನ ಅವಶೇಷವು ಇಂದಿಗೂ ನೋಡಲಿಕ್ಕೆ ಉಳಿದಿದೆ.

ತೊರವಿಯನ್ನು ದಾಟಿ ಅದೇ ದಿಕ್ಕಿನಲ್ಲಿ ಸಾಗಿದರೆ, ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರಿಗೆ ತಿಕೋಟಾ ಬರುವದು. ಇದು ದ್ರಾಕ್ಷಿಯ ಸೀಮೆ. ಫೆಬ್ರುವರಿಯಿಂದ ಏಪ್ರಿಲಿನ ವರೆಗೆ ಬಂದವರಿಗೆ ಹೊಲಗಳಲ್ಲಿಯ ಶೆಡ್ಡುಗಳಲ್ಲಿ ಒಣದ್ರಾಕ್ಷಿಯು ಸಿದ್ಧವಾಗುವದು ಕಾಣಸಿಗುವದು: ಕೊಯ್ದ ಗೊನೆಗಳನ್ನು ಕ್ಷಾರವೂ ಎಣ್ಣೆಯೂ ಬೆರೆತ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲಿ ಹರಡುವರು, ಎರಡು ವಾರಗಳಲ್ಲಿ ಅವು ಒಣಗುವವು. ತಮ್ಮ ಪ್ರವಚನಗಳಿಂದ ಮನೆಮಾತಾದ, ೨೦೨೩ರ ಜನವರಿ ೨ರಂದು ದೇಹವಿಟ್ಟ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದ ಬಿಜ್ಜರಗಿಯೂ ಈ ತಾಲೂಕಿನದೇ.

ತಿಕೋಟಾದಿಂದ ದಕ್ಷಿಣಕ್ಕೆ ಬಬಲೇಶ್ವರದ ಕಡೆಗೆ ತಿರುಗಿದರೆ ಡೋಣಿಯ ಎರೆ ಸಿಕ್ಕುವದು. ಡೋಣಿಯು ನೋಡಲಿಕ್ಕೆ ಸಣ್ಣ ಹೊಳೆ. ಅದರ ನೀರು ಸವಳು. ಹೂಳು ತುಂಬಿದ ಪಾತ್ರವು ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನು ನುಂಗುವದೂ ಉಂಟು. ಆದರೂ ಅದರ ದಂಡೆಯ ಕರಿಮಣ್ಣು ಅಪೂರ್ವವಾದುದು. ಮಳೆಗಾಲದ ಕೊನೆಗೆ ಬಿತ್ತಿದ ಬಿಳಿಜೋಳವು ಮುಂದೆ ಮಳೆಯಿಲ್ಲದೆಯೂ, ಆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ತೆನೆಗಟ್ಟುವದು. ಡೋಣಿ ಬೆಳೆದ ವರ್ಷ ಓಣಿ ಓಣಿಗೂ ಕಾಳು ತುಂಬುವದೆಂದು ಇಲ್ಲಿಯ ಹಿರಿಯರು ಹೇಳುವರು. ರಾಜಧಾನಿಯ ಅನ್ನದ ಪ್ರಶ್ನೆಗೆ ಉತ್ತರವು ಇಲ್ಲಿದೆ. ಎಳ್ಳಮಾವಾಸ್ಯೆಯ ಸುಮಾರಿಗೆ ಬಂದರಂತೂ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಭ್ರಮವನ್ನೂ ನೋಡಬಹುದು.

ಬಬಲೇಶ್ವರದಲ್ಲಿ ಬೃಹನ್ಮಠದ ದರ್ಶನ ಮಾಡಿಕೊಂಡು, ಕಾಲಿನಲ್ಲಿ ಇನ್ನೂ ಕಸುವಿದ್ದವರು ಆಚೆಯ ಮಮದಾಪುರದ ಕೆರೆಗೆ ಹೋಗಬೇಕು. ೧೬೩೩ರಲ್ಲಿ ಈ ಹಿರಿಯ ಕೆರೆಯನ್ನು ಕಟ್ಟಿಸಿದವನು ಗೋಳಗುಮ್ಮಟದ ಕೆಳಗೆ ಮಲಗಿರುವ ಅದೇ ಮಹಮ್ಮದ ಆದಿಲಶಹನು. ಸಾರವಾಡದ ಬಳಿ ಮತ್ತೆ ಡೋಣಿಯನ್ನು ದಾಟಿ ನಗರಕ್ಕೆ ತಿರುಗುವಾಗ ದಕ್ಷಿಣದಲ್ಲಿ ಸಿಕ್ಕುವ ೧೬೫೧ರ ಬೇಗಂ ತಲಾಬವೂ ಅವನ ಕಾಲದ್ದೇ. ಅವನ ಗೋರಿಯನ್ನು ನೋಡುವವರು ಸಾವಿರಾರು ಜನ. ಅವನ ಕೆರೆಗಳನ್ನು ನೋಡುವವರು ಬೆರಳೆಣಿಕೆಯಷ್ಟು. ಗೋರಿಯು ಅವನೊಬ್ಬನಿಗಾಗಿ, ಕೆರೆಗಳಾದರೋ ಎಲ್ಲರಿಗಾಗಿ ಎಂಬುದನ್ನು ನೆನೆದರೆ ಈ ಅಂತರವು ವಿಚಿತ್ರವೆನಿಸುವದು.

ಹೊರಡುವವರಿಗೆ ಕೆಲವು ಸೂಚನೆಗಳು. ನವೆಂಬರಿನಿಂದ ಜನವರಿಯ ವರೆಗಿನ ಕಾಲವೇ ಉತ್ತಮ. ಮಳೆಗಾಲದಲ್ಲಿ ಎರೆಯ ಹಾದಿಗೆ ಇಳಿಯಲಾಗದು. ಹಸಿ ಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ಮುಂದಕ್ಕೆ ಹೋಗದು. ಜಾಲಿಮುಳ್ಳಿನ ಕಾಟವಿರುವದರಿಂದ ಪಂಕ್ಚರ್ ತಿದ್ದುವ ಸಾಮಾನು, ಗಾಳಿ ಹಾಕುವ ಪಂಪು ಜೊತೆಗಿರಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ದಾರಿಗೆ ಕೆಡದ ಬುತ್ತಿ. ಆದರೆ ನೀರನ್ನು ಮಾತ್ರ ಹೆಚ್ಚಾಗಿಯೇ ಒಯ್ಯಬೇಕು, ಡೋಣಿಯ ನೀರು ಬಾಯಾರಿಕೆಗೆ ಬಾರದು. ಮೂರೂ ಊರುಗಳ ಸುತ್ತು ಒಟ್ಟು ಅರವತ್ತು ಕಿಲೋಮೀಟರಿಗೆ ಮೇಲಾಗುವದರಿಂದ ಚಿಕ್ಕ ಮಕ್ಕಳಿದ್ದವರು ತೊರವಿಯವರೆಗೆ ಹೋಗಿ ತಿರುಗಿದರೆ ಸಾಕು.

ಈ ಪ್ರವಾಸವನ್ನು ಕೇವಲ ವಿನೋದಕ್ಕಾಗಿ ನಾವು ಸೂಚಿಸಿಲ್ಲ. ೧೮೭೬-೭೮ರ ಘೋರ ಬರಗಾಲದಲ್ಲಿ ಈ ಸೀಮೆಯು ಪಟ್ಟ ಪಾಡು ಚರಿತ್ರೆಯಲ್ಲಿ ದಾಖಲಾಗಿದೆ. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಯಂತ್ರಗಳಿಂದೆತ್ತಿ ಕೆರೆಗಳನ್ನು ತುಂಬಿಸುತ್ತಿರುವದು ದೊಡ್ಡ ಸಮಾಧಾನ. ಆದರೆ ಮನೆಯ ನಲ್ಲಿಗೆ ನೀರು ಬಂದಿತೆಂದು ಓಣಿಯ ಬಾವಡಿಯನ್ನು ಕಸದ ತಿಪ್ಪೆಯಾಗಿಸಿಕೊಂಡರೆ, ಬರುವ ಬರಗಾಲಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುವದು. ಆದುದರಿಂದ ವಾಚಕರು ಎಲ್ಲಿಗೆ ಹೋದರೂ ಆ ಊರಿನ ಹಿರಿಯರೊಬ್ಬರನ್ನು ಕಂಡು, ಹಿಂದೆ ಅಲ್ಲಿಗೆ ನೀರು ಎಲ್ಲಿಂದ ಬರುತ್ತಿದ್ದಿತೆಂದು ಕೇಳಿ, ಅದನ್ನು ಮಕ್ಕಳ ಕೈಯಿಂದ ಬರೆಯಿಸಿ ಇಡಬೇಕೆಂದು ನಮ್ಮ ವಿಜ್ಞಾಪನೆ.