ಪದವಿ ಕೊಟ್ಟವರು ಹೊಣೆಯನ್ನೂ ಕೊಡಲಿ

ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಪದವಿಯ ನಿಯಮಾವಳಿಯನ್ನು ಜಾರಿಗೊಳಿಸಿದಂದಿನಿಂದ, ಈ ಪದವೀಧರರು ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಬರೆದುಕೊಳ್ಳಬಹುದೇ ಎಂಬ ಜಗಳಕ್ಕೆ ದೊರೆತಷ್ಟು ಗಮನ, ಅವರು ವಾರ್ಡಿನಲ್ಲಿ ಮಾಡಬೇಕಾದ ಕೆಲಸವೇನು ಎಂಬ ಪ್ರಶ್ನೆಗೆ ದೊರೆತಿಲ್ಲ. ಐದು ವರ್ಷ ಓದಿ, ಆರನೆಯ ವರ್ಷವನ್ನು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್‌ನಲ್ಲಿ ಕಳೆದವರಲ್ಲಿ ಅನೇಕರು ಕೊನೆಗೆ ಔಷಧ ಕಂಪನಿಗಳ ಕಚೇರಿ ಸೇರುವಂತಾದರೆ, ತಪ್ಪು ಬಿರುದಿನದಲ್ಲ, ವ್ಯವಸ್ಥೆಯದು.

ಕ್ಲಿನಿಕಲ್ ಫಾರ್ಮಸಿ ಎಂದರೆ ರೋಗಿಯ ಬಳಿಯೇ ನಿಂತು, ಅವನಿಗೆ ಬರೆದ ಔಷಧಗಳು ಅವನ ದೇಹಸ್ಥಿತಿಗೆ ಹೊಂದುತ್ತವೆಯೇ ಎಂದು ಪರಿಶೀಲಿಸುವ ವಿದ್ಯೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುತ್ತಿರುವವರಿಗೆ ಮೆಟ್ರೊನಿಡಜೋಲ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೂತ್ರಪಿಂಡ ಸೋತವರಿಗೆ ಜೆಂಟಾಮೈಸಿನ್‌ನ ಪ್ರಮಾಣವನ್ನೋ ಎರಡು ಡೋಸುಗಳ ನಡುವಿನ ಅಂತರವನ್ನೋ ಬದಲಿಸದಿದ್ದರೆ ಕಿವಿಗೂ ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ. ಇವನ್ನು ಪುಸ್ತಕದಲ್ಲಿ ಓದಬಹುದಾದರೂ, ಕೇಸ್ ಶೀಟು ಮತ್ತು ಪ್ರಯೋಗಾಲಯದ ವರದಿಗಳನ್ನು ಜೋಡಿಸಿ ನೋಡಿ ಸಕಾಲದಲ್ಲಿ ಎಚ್ಚರಿಸುವ ಕೌಶಲ ಬರುವುದು ದಿನನಿತ್ಯದ ರೌಂಡ್ಸಿನಿಂದಲೇ.

ರೋಗನಿರ್ಣಯದ ತರಬೇತಿಯಿಲ್ಲದವರು ಚಿಕಿತ್ಸೆಗೆ ಕೈಹಾಕಬಾರದೆಂಬ ವೈದ್ಯರ ಆಕ್ಷೇಪ ನ್ಯಾಯವಾದದ್ದೇ. ಆದರೆ ಕ್ಲಿನಿಕಲ್ ಫಾರ್ಮಸಿಸ್ಟರ ಕೆಲಸ ರೋಗನಿರ್ಣಯವಲ್ಲ. ನಿರ್ಣಯವಾದ ಮೇಲೆ ಬರೆದ ಔಷಧದ ಆಯ್ಕೆ, ಪ್ರಮಾಣ, ಪರಸ್ಪರ ಕ್ರಿಯೆ ಮತ್ತು ಅಡ್ಡಪರಿಣಾಮಗಳ ಮೇಲೆ ಕಣ್ಣಿಟ್ಟು ಸಲಹೆ ನೀಡುವುದು, ಅಂತಿಮ ತೀರ್ಮಾನವನ್ನು ವೈದ್ಯರಿಗೇ ಬಿಡುವುದು. ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಯಲ್ಲಿ 1990ರ ದಶಕದಲ್ಲೇ ಇಂಥ ಶಿಕ್ಷಣ ಆಸ್ಪತ್ರೆಯೊಡನೆ ಬೆಸೆದುಕೊಂಡು ಆರಂಭವಾಗಿದ್ದರಿಂದ, ಇದು ಕರ್ನಾಟಕಕ್ಕೆ ಹೊಸ ಮಾತೇನೂ ಅಲ್ಲ.

ಹಾಗೆಂದು ಕಾಲೇಜುಗಳೂ ನಿರ್ದೋಷಿಗಳಲ್ಲ. ಆಸ್ಪತ್ರೆಯೊಡನೆ ಒಪ್ಪಂದವನ್ನು ಕಾಗದದಲ್ಲಿ ತೋರಿಸಿ, ವಿದ್ಯಾರ್ಥಿಗಳನ್ನು ವಾರ್ಡಿನ ಮೂಲೆಯಲ್ಲಿ ಕೇಸ್ ಶೀಟು ನಕಲು ಮಾಡಲು ಕೂರಿಸಿದರೆ ಅದು ತರಬೇತಿಯೆನಿಸದು. 2015ರ ಫಾರ್ಮಸಿ ವೃತ್ತಿ ನಿಯಮಗಳು ಔಷಧ ಚೀಟಿಯ ಪರಿಶೀಲನೆಯನ್ನೂ ರೋಗಿಗೆ ತಿಳಿವಳಿಕೆ ನೀಡುವುದನ್ನೂ ಫಾರ್ಮಸಿಸ್ಟರ ಕರ್ತವ್ಯವೆಂದಿದ್ದರೂ, ಕೆಲಸ ದಾಸ್ತಾನು ಮತ್ತು ವಿತರಣೆಗೇ ಸೀಮಿತವಾಗಿರುವ ಕಡೆ ಆ ಕರ್ತವ್ಯ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಹೊಸ ಕಾಲೇಜುಗಳಿಗೆ ಅನುಮತಿ ನೀಡುವ ಮೊದಲು, ಸರ್ಕಾರವು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಹುದ್ದೆಯನ್ನು ಸೃಷ್ಟಿಸಿ, ಕೇಸ್ ಶೀಟಿನಲ್ಲಿ ಅವರು ಸಲಹೆ ಬರೆದು ಸಹಿ ಹಾಕುವ ಹೊಣೆಯನ್ನು ವಿಧಿಸಬೇಕು.